ಅಧ್ಯಕ್ಷರ ಚುಕ್ಕಿ

ಕೂಡ್ಲಿಗಿ ಬಸ್ ಸ್ಟ್ಯಾಂಡಿನಲ್ಲಿ ಇಳಿದು, ಕಣ್ಣು ಮುಚ್ಚಿ, ಕೈ ಚಾಚಿ ನಿಲ್ಲಿ. ಕೈಗೆ ಮೊದಲು ಏನು ತಾಗುತ್ತದೋ ಅದು ನಾನು ಮಾಡಿದ ಫ್ಲೆಕ್ಸು. ಹುಟ್ಟುಹಬ್ಬದ ಶುಭಾಶಯ, ಗೃಹಪ್ರವೇಶ, ಬೋರ್‌ವೆಲ್ ಲಾರಿ, ಟ್ಯೂಷನ್ ಕ್ಲಾಸು, ಭಾವಪೂರ್ಣ ಶ್ರದ್ಧಾಂಜಲಿ, ಎಲ್ಲವೂ ನಮ್ಮ 'ಶಿವಯೋಗಿ ಡಿಜಿಟಲ್ಸ್'ನದೇ. ಕೊಟ್ಟೂರಿನಲ್ಲೂ ಹಗರಿಬೊಮ್ಮನಹಳ್ಳಿಯಲ್ಲೂ ಈ ಕೆಲಸ ಮಾಡುವವರು ಇದ್ದಾರೆ ಅಂತ ಸುದ್ದಿ ಇದೆ. ಅವರ ಕಂಪ್ಯೂಟರ್ ನಿಂತಾಗ ಫೋನು ಬರುವುದು ನನಗೆ. ನಾನು ಈ ಕಡೆಯಿಂದ 'ಹೂಂ' ಅಂದರೆ ಸಾಕು, ಆ ಕಡೆ ಕಂಪ್ಯೂಟರ್ ಹೆದರಿ ಶುರುವಾಗುತ್ತದೆ. ಹಡಗಲಿಯ ಮಲ್ಲಿಗೆಗೆ ಹೆಸರು ಬಂದದ್ದು ವಾಸನೆಯಿಂದ ಅಂತ ಜನ ನಂಬಿದ್ದಾರೆ. ನಾನು ಅಲ್ಲಿಯ ಹೂವಿನ ಅಂಗಡಿಗೆ ಬೋರ್ಡು ಮಾಡಿಕೊಟ್ಟ ಮೇಲೆ ಬಂತು ಅಂದರೆ ಜಂಬವಾಗುತ್ತದೆ, ಅದಕ್ಕೆ ಹೇಳುವುದಿಲ್ಲ.

ಫ್ಲೆಕ್ಸಿನಲ್ಲಿ ಅಕ್ಷರಕ್ಕಿಂತ ಫೋಟೋ ದೊಡ್ಡದು, ಫೋಟೋಕ್ಕಿಂತ ಅದರ ಅಳತೆ ದೊಡ್ಡದು. ಮೇಲೆ ಸ್ವಾಮಿಗಳು. ಅವರ ಕೆಳಗೆ ದೊಡ್ಡ ನಾಯಕರು, ತಟ್ಟೆಯಷ್ಟು ಮುಖ. ಅವರ ಕೆಳಗೆ ಸಣ್ಣ ನಾಯಕರು, ಅಂಗೈಯಷ್ಟು. ತೀರ ಕೆಳಗೆ, ಶೇಂಗಾ ಬೀಜ ಚೆಲ್ಲಿದ ಹಾಗೆ, 'ಗೆಳೆಯರ ಬಳಗ'. ಯಾರ ಮುಖ ಯಾರಿಗಿಂತ ಎಷ್ಟು ದೊಡ್ಡದಿರಬೇಕು ಅನ್ನುವುದು ನನಗೆ ನಿದ್ದೆಯಲ್ಲೂ ಗೊತ್ತು. ಒಮ್ಮೆ ಒಬ್ಬರ ಫೋಟೋ ಉಗುರಿನಷ್ಟು ಚಿಕ್ಕದಾಗಿ ಹೋಗಿ, ಮರುದಿನ ಅವರ ಪಕ್ಷವೇ ಎರಡು ಹೋಳಾಯಿತು. ನನ್ನ ಮೌಸ್‌ಗೆ ಅಷ್ಟು ಶಕ್ತಿ.

ಅಂಥ ನನ್ನ ಹತ್ತಿರ ಒಂದು ಮಧ್ಯಾಹ್ನ ಕ್ರಾಂತಿಕುಮಾರ್ ಬಂದ. ಹೊಸಹಳ್ಳಿ ಕಡೆಯವನು. ತೆಳ್ಳಗಿನ ಆಳು, ಇಸ್ತ್ರಿಯ ಗೆರೆ ಮುರಿಯದ ಅಂಗಿ. ಕಚೇರಿಯ ಲ್ಯಾಪ್‌ಟಾಪನ್ನು ಬಾಣಂತಿ ಕೂಸನ್ನು ಹಿಡಿದ ಹಾಗೆ ಎದೆಗೆ ಅವಚಿಕೊಂಡಿದ್ದ.

"ಅಣ್ಣಾ, ನೋಟ್ಸ್ ಚಂದ ಕಾಣಂಗ ಮಾಡಿಕೊಡ್ತೀರೇನ್ರಿ?"

"ತಮ್ಮಾ, ನಾನು ಮುಟ್ಟಿದ್ರ ಕರೆಂಟ್ ಬಿಲ್ಲೂ ಲಗ್ನಪತ್ರಿಕಿ ಆಗ್ತೈತಿ. ಕೂಡು."

ಲ್ಯಾಮಿನೇಷನ್ ಮಷಿನ್ನಿನ ಹಿಂದಿನಿಂದ ನನ್ನ ಹೆಂಡತಿ ನಾಗರತ್ನ ತಲೆ ಎತ್ತಲಿಲ್ಲ. "ಹ್ವಾದ ವಾರ ಲಗ್ನಪತ್ರಿಕಿ ಕರೆಂಟ್ ಬಿಲ್ ಆಗಿತ್ತು. ಅದನ್ನೂ ಹೇಳ್ರಿ."

ನಾನು ಕೇಳಿಸದವನಂತೆ ಲ್ಯಾಪ್‌ಟಾಪ್ ತೆರೆದೆ. ಕ್ರಾಂತಿಕುಮಾರ್ ತನ್ನ ಕಥೆ ಹೇಳಿದ. ಅವನು ಒಂದು ಸರ್ಕಾರಿ ಕಚೇರಿಯಲ್ಲಿ ಹೊಸದಾಗಿ ಸೇರಿದ ಗುಮಾಸ್ತ. ಯಾವ ಕಚೇರಿ ಅಂತ ಕೇಳಬೇಡಿ, ಅಲ್ಲಿಯ ಪ್ರಿಂಟಿಂಗ್ ಕೆಲಸ ನನ್ನದೇ. ಅಧಿಕಾರಿಗಳು ಊರೂರಿಗೆ ಹೋಗಿ ಅಹವಾಲು ಸಭೆ ಮಾಡುತ್ತಾರೆ. ಜನ ತಮ್ಮ ತೊಂದರೆ ಹೇಳುತ್ತಾರೆ, ದೊಡ್ಡ ಸಾಹೇಬರು ಕೇಳುತ್ತಾರೆ, ಅದನ್ನೆಲ್ಲ ಬರೆದುಕೊಳ್ಳುವುದು ಇವನ ಕೆಲಸ. ಇವನು ಬರೆದದ್ದನ್ನು ಮ್ಯಾನೇಜರ್ ಪ್ರವೀಣಕುಮಾರ್ ಪ್ರತಿ ಸಲವೂ ತಿರುಗಿ ಎಸೆದಿದ್ದರು.

"'ಇದು ನೋಟ್ಸಲ್ಲ, ತೂರದ ರಾಶಿ' ಅಂದ್ರು ಅಣ್ಣಾ. ಕಾಳು ಯಾವುದು ಹೊಟ್ಟು ಯಾವುದು ತಿಳಿಯಂಗಿಲ್ಲ ಅಂತ. ಮುಂದಿನ ಗುರುವಾರ ಇನ್ನೊಂದು ಸಭಾ ಐತಿ. ಅದನ್ನೂ ಹಿಂಗ ಬರದ್ರ ನನ್ನ ಪ್ರೊಬೇಷನ್ ಫೈಲಿನಾಗ 'ತೃಪ್ತಿಕರವಲ್ಲ' ಅಂತ ಬರೀತಾರಂತ."

"ಬರದ್ರ?"

"ಬರದ್ರ ಮನಿಗೆ."

ಅವರ ಮನೆತನದಲ್ಲಿ ಕುರ್ಚಿಯ ಮೇಲೆ ಕೂತು ಸಂಬಳ ತೆಗೆದುಕೊಂಡ ಮೊದಲನೆಯವನು ಅವನೇ. ಅವನ ತಾಯಿ ಬಸಲಿಂಗಮ್ಮ ಓಣಿಯವರಿಗೆಲ್ಲ ಮೈಸೂರುಪಾಕು ಹಂಚಿ, ಹಂಚಿದ್ದು ಸಾಲದೆಂದು ಪಕ್ಕದ ಓಣಿಗೂ ಹೋಗಿದ್ದಳಂತೆ. ಇನ್ನು ತಿರುಗಿ ಹೋಗುವುದು ಹೇಗೆ?

ಅವನ ನೋಟ್ಸ್ ಓದಿದೆ. ದೇವರಾಣೆ, ಅಂಥದ್ದನ್ನು ನಾನು ಕಂಡಿರಲಿಲ್ಲ. ಹಾರುವ ನೊಣವನ್ನೂ ಬಿಡದೆ ಬರೆದಿದ್ದ. ಆದರೆ ಎಲ್ಲವೂ ಒಂದೇ ಸಾಲು, ಒಂದೇ ಅಕ್ಷರ, ಒಂದರ ಕೆಳಗೊಂದು. ಸಾಹೇಬರು ಆದೇಶ ಕೊಟ್ಟದ್ದೂ, ಯಾರೋ 'ಫ್ಯಾನ್ ಹಾಕ್ರಪ' ಅಂದದ್ದೂ ಹೆಗಲಿಗೆ ಹೆಗಲು ಕೊಟ್ಟು ನಿಂತಿದ್ದವು. ಶಾಲೆಯ ಗೋಡೆ ಬಿರುಕು ಬಿಟ್ಟ ಮಾತು ಮೇಲೆ ಶುರುವಾಗಿ, ನಡುವೆ ಚಹಾ ಬಂದು, ಯಾರದೋ ಎಮ್ಮೆಯ ವಿಮೆ ನುಗ್ಗಿ, ಮತ್ತೆ ಗೋಡೆ ಬರುವ ಹೊತ್ತಿಗೆ ನಾನು ಅದು ಯಾವ ಗೋಡೆ ಅನ್ನುವುದನ್ನೇ ಮರೆತಿದ್ದೆ.

"ತಮ್ಮಾ, ಇದಕ್ಕ ಮಲ್ಟಿಲೆವೆಲ್ ಲಿಸ್ಟ್ ಹಾಕಬೇಕು."

"ಅಂದ್ರ?"

"ಮನಿ ಇದ್ದಂಗ. ಮೊದಲ ಅಂಗಳ, ಒಳಗ ಪಡಸಾಲಿ, ಅದರೊಳಗ ಅಡಿಗಿಮನಿ. ಎಲ್ಲಾರ್ನೂ ಅಂಗಳದಾಗ ನಿಂದರ್ಸಿದ್ರ ಗದ್ದಲ ಆಗ್ತೈತಿ. ಟ್ಯಾಬ್ ಒತ್ತಿದ್ರ ಸಾಲು ಒಂದು ಮೆಟ್ಟಲ ಒಳಗ ಹೋಗ್ತೈತಿ. ಶಿಫ್ಟ್ ಹಿಡದು ಟ್ಯಾಬ್ ಒತ್ತಿದ್ರ ಹೊರಗ ಬರ್ತೈತಿ. ಒಂದೊಂದು ಮೆಟ್ಟಲಿಗೆ ಒಂದೊಂದು ಚುಕ್ಕಿ. ಚುಕ್ಕಿ ಯಾವುದಿರಬೇಕು, ಎಷ್ಟು ದೂರ ಸರೀಬೇಕು, ಎಲ್ಲಾ ನಾ ಕೂಡ್ಸಿಕೊಡ್ತೀನಿ. ನಾಳಿ ಬಾ. ನಿಮ್ಮ ಮ್ಯಾನೇಜರ್ ಅದನ್ನ ನೋಡಿ ಫ್ರೇಮ್ ಹಾಕ್ಸಲಿಲ್ಲಂದ್ರ ನನ್ನ ಹೆಸರು ಬದಲು ಮಾಡು."

ಅವನು ಹೋದ ಮೇಲೆ ನಾನು ಕೂತೆ. ಹೇಗೆ ಕೂತೆ ಅಂದರೆ, ಅಂಗಡಿಗೆ ಬಂದ ಗಿರಾಕಿಗಳೆಲ್ಲ ನನ್ನ ಏಕಾಗ್ರತೆ ಕಂಡು ಕೈಮುಗಿದು ವಾಪಸಾದರು. ನಾಗರತ್ನ ಹೇಳುವ ಪ್ರಕಾರ ಒಬ್ಬ ಮಾತ್ರ ಬಂದಿದ್ದ, ಅವನೂ ಚಿಲ್ಲರೆ ಕೇಳಲಿಕ್ಕೆ. ಇರಲಿ. ವರ್ಡ್ ತೆರೆದೆ. 'ಡಿಫೈನ್ ನ್ಯೂ ಮಲ್ಟಿಲೆವೆಲ್ ಲಿಸ್ಟ್' ಅನ್ನುವ ಕಿಟಕಿ ತೆರೆಯಿತು. ಎಡಗಡೆ ಲೆವೆಲ್ಲುಗಳ ಅಂಕಿ. ಒಂದನ್ನು ಒತ್ತಿದರೆ ಆ ಲೆವೆಲ್ಲಿನ ಚುಕ್ಕಿ, ಬಣ್ಣ, ದೂರ ಎಲ್ಲವನ್ನೂ ನಮಗೆ ಬೇಕಾದ ಹಾಗೆ ಬದಲಿಸಬಹುದು. ಈ ಕಿಟಕಿಯನ್ನು ನೋಡಿ ಎದೆ ಒಡೆದುಕೊಂಡ ಟೈಪಿಸ್ಟರನ್ನು ಹರಪನಹಳ್ಳಿಯವರೆಗೆ ಕಂಡಿದ್ದೇನೆ. ನನಗೆ ಅದು ನಮ್ಮ ಮನೆಯ ಕಿಟಕಿಯಿದ್ದ ಹಾಗೆ.

ಮೊದಲ ಲೆವೆಲ್ಲಿಗೆ ಬಂಗಾರದ ಬಣ್ಣದ ನಕ್ಷತ್ರ: ದೊಡ್ಡ ಸಾಹೇಬರು. ಎರಡನೆಯದಕ್ಕೆ ಕೆಂಪು ವಜ್ರ: ಪಂಚಾಯ್ತಿ ಅಧ್ಯಕ್ಷರು. ಮೂರನೆಯದಕ್ಕೆ ನೀಲಿ ಚೌಕ: ಸದಸ್ಯರು. ಆಮೇಲೆ ಹಸಿರು ಗೆರೆ: ಇಲಾಖೆಯವರು. ಕೊನೆಗೆ, ಬಲಗಡೆಯ ಅಂಚಿಗೆ ಹೋಗಿ ಮುಟ್ಟುವಷ್ಟು ಒಳಗೆ, ಸಾಸಿವೆಯಂಥ ಬೂದು ಚುಕ್ಕಿ: ಸಾರ್ವಜನಿಕರು. ಹಿಂದೆ ಸರಿದು ನೋಡಿದೆ. ಅಬ್ಬಾ! ಅದರ ಮುಂದೆ ನಿಂತು ಆರತಿ ಎತ್ತಬಹುದಿತ್ತು.

ಮರುದಿನ ಕ್ರಾಂತಿಕುಮಾರ್ ಬಂದ. ನಾನು ಮಾನಿಟರನ್ನು ಅವನ ಕಡೆ ತಿರುಗಿಸಿ, ಚಪ್ಪಾಳೆಗೆ ಕಾದು ನಿಂತೆ. ಅವನು ಮೇಲಿನಿಂದ ಕೆಳಗಿನವರೆಗೆ ಓದಿದ. ಬೂದು ಚುಕ್ಕಿಯ ಹತ್ತಿರ ಅವನ ಕಣ್ಣು ನಿಂತಿತು.

"ಅಣ್ಣಾ, ಇದು ಫ್ಲೆಕ್ಸ್ ಆತು."

"ಅದಕ್ಕ ಚಂದ ಕಾಣ್ತೈತಿ!"

"ಈ ಸಣ್ಣ ಚುಕ್ಕಿ ಯಾರದು?"

"ಮಂದೀದು."

ಸಿಟ್ಟು ಮಾಡಿದ್ದರೆ ಸಮಾಧಾನ ಮಾಡಬಹುದಿತ್ತು, ಅವನು ಸಿಟ್ಟು ಮಾಡಲಿಲ್ಲ. ಮೆಲ್ಲಗೆ ಹೇಳಿದ.

"ನಮ್ಮವ್ವ ಒಂದು ಗ್ರಾಮಸಭಾದಾಗ ಎದ್ದು ನಿಂತು ಮಾತಾಡಿದ್ಲು ಅಣ್ಣಾ. ನಮ್ಮ ಓಣಿಗೆ ಚರಂಡಿ ಇಲ್ಲ ಅಂತ. ನಾ ಆವಾಗ ಹೈಸ್ಕೂಲು. ಮಾತಾಡಾಕ ಮೊದಲ ವಾರಗಟ್ಲೆ ಮನಿಯಾಗ ಒಬ್ಬಾಕೇನ ಹೇಳಿ ಹೇಳಿ ಕಲ್ತಿದ್ಲು, ರೊಟ್ಟಿ ಬಡಿಯೋವಾಗ ಸುದ್ದಾ. ನೌಕರಿಗೆ ಸೇರಿದ ಮ್ಯಾಲೆ ಆ ಸಭಾದ ನಡವಳಿ ತಗಸಿ ಓದಿದೆ. ಅಧ್ಯಕ್ಷರು ಅಂದಿದ್ದು ಪುಟ ತುಂಬ ಐತಿ. ಕಡೀಕ ಒಂದು ಸಾಲು: 'ಸಾರ್ವಜನಿಕರಲ್ಲಿ ಕೆಲವರು ಮಾತನಾಡಿದರು.' ಅಷ್ಟ. ಅಕಿ ಹೆಸರಿಲ್ಲ, ಚರಂಡಿನೂ ಇಲ್ಲ."

"ಅದಕ್ಕ ನೀನು ಎಲ್ಲಾರ್ದೂ ಒಂದ ಸಾಲಿನಾಗ..."

"ಯಾರ ಮಾತನ್ನ ಯಾರ ಕೆಳಗ ಇಡ್ಲಿ, ಹೇಳ್ರಿ. ನನ್ನ ಕೈಲಿ ಆಗಂಗಿಲ್ಲ. ಕೆಲಸ ಹೋದ್ರೂ ಆಗಂಗಿಲ್ಲ." ಹಾಗಂದು, ಅಂದದ್ದಕ್ಕೆ ತಾನೇ ಹೆದರಿದವನಂತೆ ಲ್ಯಾಪ್‌ಟಾಪಿನ ಚೀಲ ಎತ್ತಿಕೊಂಡ. "ಕೆಲಸ ಹೋಗಬಾರದು ಅಣ್ಣಾ. ಆದ್ರ ಹಿಂಗ ಮಾಡಿ ಉಳಿಸಿಕೊಳ್ಳಾಕ ಬರಂಗಿಲ್ಲ."

ನನ್ನ ಬಂಗಾರದ ನಕ್ಷತ್ರ ಸ್ಕ್ರೀನಿನಲ್ಲಿ ಮಿನುಗುತ್ತಿತ್ತು. ಊರೆಲ್ಲ ಹೊಗಳುವ ನನ್ನ ಕೈಚಳಕ ಅವತ್ತು ನನಗೇ ಸ್ವಲ್ಪ ಜಾಸ್ತಿ ಹೊಳೆಯಿತು ಅನ್ನಿಸಿತು. ಸ್ವಲ್ಪ ಮಾತ್ರ.

"ಏ, ಕೂಡೋ ಮಾರಾಯ. ಚೀಲ ಕೆಳಗಿಡು. ಯಾರನ್ನೂ ಕೆಳಗಿಡಂಗಿಲ್ಲಂದ್ರ ಲೆವೆಲ್ ಮಾಡೋದು ಹೆಂಗ? ಮ್ಯಾಲೆ ಯಾರಾದ್ರೂ ಇರಬೇಕಲ್ಲ."

"ಯಾಕಿರಬೇಕು?"

"ಮತ್ತ ಅಷ್ಟೊಂದು ಮಂದಿ ಯಾರನ್ನ ನೋಡಾಕ ಬರ್ತಾರ ಸಭಾಕ?"

"ಯಾರನ್ನೂ ನೋಡಾಕ ಬರಂಗಿಲ್ಲಣ್ಣ. ನೀರಿಗೆ ಬರ್ತಾರ. ರಸ್ತಾಕ ಬರ್ತಾರ. ರೇಷನ್ ಕಾರ್ಡಿಗೆ ಬರ್ತಾರ."

ಆ ಕ್ಷಣದಲ್ಲಿ ನನಗೆ ಹೊಳೆಯಿತು. ನೀರನ್ನೇ ಮೇಲೆ ಇಟ್ಟರೆ? ಮನುಷ್ಯರನ್ನು ಮೇಲೆ ಕೆಳಗೆ ಕೂರಿಸುವ ಬದಲು ವಿಷಯವನ್ನು ಮೇಲೆ ಕೂರಿಸಿ, ಮಾತಾಡಿದವರನ್ನೆಲ್ಲ ಅದರೊಳಗೆ ಒಂದೇ ಸಾಲಿನಲ್ಲಿ ಕೂರಿಸಿದರೆ? ಈ ಉಪಾಯ ಪೂರ್ತಿ ನನ್ನದೇ. ಅವನ ಬಾಯಿಂದ ಮೊದಲು ಬಂತು, ಅಷ್ಟೇ ವ್ಯತ್ಯಾಸ.

ನಕ್ಷತ್ರ ಕಿತ್ತು ಹಾಕಿದೆ. ಮೊದಲ ಲೆವೆಲ್ಲಿಗೆ ಬರೀ ಅಂಕಿ, ದಪ್ಪ ಅಕ್ಷರ: ಅದು ಜನ ಬಂದ ವಿಷಯ. ಎರಡನೆಯದಕ್ಕೆ ಒಂದು ಕಪ್ಪು ಗುಂಡು ಚುಕ್ಕಿ: ಅದು ಮಾತಾಡಿದವರ ಹೆಸರು ಮತ್ತು ಮಾತು, ಯಾರು ಮೊದಲು ಮಾತಾಡಿದರೋ ಅವರು ಮೊದಲು. ಸಾಹೇಬರಿಗೂ ಅದೇ ಚುಕ್ಕಿ, ಮೇಕೆ ಕಾಯುವವರಿಗೂ ಅದೇ ಚುಕ್ಕಿ.

"ಫ್ಯಾನ್ ಹಾಕ್ರಿ ಅಂದಿದ್ದು?" ಅಂದೆ.

"ಬಿಟ್ಟುಬಿಡ್ತೀನಿ ಅಣ್ಣಾ. ಅದು ಯಾವ ವಿಷಯದಾಗೂ ಕೂಡಂಗಿಲ್ಲ." ಅವನು ಮೊದಲ ಸಲ ನಕ್ಕ. ಎಷ್ಟೋ ದಿನದಿಂದ ಹೊತ್ತ ಮೂಟೆ ಇಳಿಸಿದ ಹಾಗೆ ಕಂಡ.

ಮೂರನೆಯ ಲೆವೆಲ್ಲು ಅವನೇ ಕೇಳಿದ. ಒಂದೊಂದು ವಿಷಯದ ಕೊನೆಗೆ ಒಂದು ಸಣ್ಣ ಬಾಣ. ಅದರ ಮುಂದೆ 'ಯಾರು, ಯಾವಾಗ' ಅಂತ ತಾನಾಗಿಯೇ ಬರಬೇಕು. ಲೆವೆಲ್ಲಿನ ಗುರುತಿನ ಜಾಗದಲ್ಲಿ ಬಾಣದ ಜೊತೆ ನಮಗೆ ಬೇಕಾದ ಪದವನ್ನೂ ಬರೆಯಬಹುದು ಅನ್ನುವುದು ಈ ಸೀಮೆಯಲ್ಲಿ ನನ್ನೊಬ್ಬನಿಗೆ ಗೊತ್ತು. ಬರೆದೆ. ಉದ್ದ ಮಾತಿನ ಎರಡನೆಯ ಸಾಲು ಚುಕ್ಕಿಯ ಕೆಳಗೆ ನುಗ್ಗುತ್ತಿತ್ತು. ಅದನ್ನು ಎಳೆದು ಅಕ್ಷರದ ಕೆಳಗೇ ನಿಲ್ಲಿಸಿದೆ. ಎಲ್ಲವನ್ನೂ ಟೆಂಪ್ಲೇಟ್ ಆಗಿ ಉಳಿಸಿ ಅವನ ಲ್ಯಾಪ್‌ಟಾಪಿಗೆ ಹಾಕಿದೆ.

"ಈಗ ಕೈ ಪಳಗಬೇಕು. ಮಂದಿ ಮಾತಾಡೋವಾಗ್ಲೇ ಹೊಡಿಬೇಕು. ನಾಗೂ, ಬಾ ಇಲ್ಲಿ, ಜಗಳ ಮಾಡೋಣ."

"ಬಂದೆ," ಅಂದಳು ನಾಗರತ್ನ, ಈ ಆಮಂತ್ರಣಕ್ಕೆ ಮದುವೆಯಾದಾಗಿನಿಂದ ಕಾದಿದ್ದವಳ ಹಾಗೆ. ಗ್ಯಾಸ್ ಸಿಲಿಂಡರಿನಿಂದ ಶುರು ಮಾಡಿ, ನಮ್ಮಕ್ಕನ ಮನೆಯ ಮುಂಜಿಗೆ ಹೋಗದಿದ್ದದ್ದು, ಛತ್ತಿನ ಸೋರಿಕೆ, ಮತ್ತೆ ಸಿಲಿಂಡರು, ಹೀಗೆ ಉಸಿರು ಬಿಡದೆ ಹೊಡೆದಳು. ನಾನೂ ಬಿಡಲಿಲ್ಲ. ಎದುರಿನ ಮಂಡಕ್ಕಿ ಅಂಗಡಿಯವರು ಮಿರ್ಚಿ ಕರಿಯುವುದು ಬಿಟ್ಟು ನೋಡುತ್ತಿದ್ದರು. ಕ್ರಾಂತಿಕುಮಾರನ ಬೆರಳು ಮೊದಮೊದಲು ತಡವರಿಸಿತು, ಆಮೇಲೆ ಓಡಿತು. ಅವಳು ಸಿಲಿಂಡರಿಗೆ ಹಿಂದಿರುಗಿದಾಗ ಅವನೂ ಹಿಂದಿರುಗಿ ಸಿಲಿಂಡರಿನ ಒಳಗೇ ಆ ಮಾತು ಕೂರಿಸಿದ. ಮುಗಿದ ಮೇಲೆ ನೋಡಿದರೆ, ನಮ್ಮ ಇಡೀ ಸಂಸಾರ ಒಂದೇ ಪುಟದಲ್ಲಿ ಸ್ವಚ್ಛವಾಗಿ ನಿಂತಿತ್ತು. ಆದರೆ ಪ್ರತಿಯೊಂದು ಬಾಣದ ಮುಂದೆಯೂ 'ಶಿವಯೋಗಿ' ಅಂತ ನನ್ನ ಹೆಸರೇ ಇತ್ತು.

"ಇದನ್ನ ಒಂದು ಪ್ರಿಂಟ್ ತಗದುಕೊಡು ತಮ್ಮಾ, ಲ್ಯಾಮಿನೇಷನ್ ನಾ ಮಾಡ್ಕೊತೀನಿ," ಅಂದಳು ನಾಗರತ್ನ.

ಗುರುವಾರದ ಸಭೆಗೆ ನಾನೂ ಹೋದೆ. ಯಾವ ಊರು ಅಂದರೆ ಹೊಸಹಳ್ಳಿಯ ಆಚೆಗೆ ಒಂದೂರು ಅಂತಿಟ್ಟುಕೊಳ್ಳಿ. ಹೆಸರು ಹೇಳಿದರೆ ನನ್ನ ಫ್ಲೆಕ್ಸ್ ಗಿರಾಕಿ ಹೋಗುತ್ತದೆ. ಸಾಹೇಬರಿಗೆ ಯಾವುದೋ ಯೋಜನೆಯ ಚಿತ್ರ ತೋರಿಸಬೇಕಿತ್ತು, ಪ್ರೊಜೆಕ್ಟರು ನನ್ನದು. ಚಿತ್ರ ಮುಗಿದ ಮೇಲೆ ವೈರು ಕ್ರಾಂತಿಕುಮಾರನ ಲ್ಯಾಪ್‌ಟಾಪಿಗೇ ಉಳಿಯಿತು. ಕೀಳುವುದು ನನಗೆ ನೆನಪಾಗಲಿಲ್ಲ. ಬೇಕಂತಲೇ ಮರೆತೆ ಅಂತ ನಾಗರತ್ನ ಈಗಲೂ ಹೇಳುತ್ತಾಳೆ, ಹೇಳಲಿ. ಸಮುದಾಯ ಭವನದ ಗೋಡೆಯ ಮೇಲೆ, ಆನೆಯಷ್ಟು ಎತ್ತರದಲ್ಲಿ, ಅವನ ನೋಟ್ಸು ಮೂಡತೊಡಗಿತು. ಮ್ಯಾನೇಜರ್ ಪ್ರವೀಣಕುಮಾರ್ ಗೋಡೆ ನೋಡಿದರು, ಕ್ರಾಂತಿಕುಮಾರನನ್ನು ನೋಡಿದರು. ಆರಿಸು ಅನ್ನಲಿಕ್ಕೆ ಬಾಯಿ ತೆರೆದರು. ಅಷ್ಟರಲ್ಲಿ ದೊಡ್ಡ ಸಾಹೇಬರು, "ಇರಲಿ ಬಿಡಿ, ನನಗೂ ನೆನಪಿರುತ್ತದೆ," ಅಂದರು. ಸಾಹೇಬರು ದಕ್ಷಿಣದ ಕಡೆಯವರು, ಮಾತು ಪುಸ್ತಕದ ಹಾಗೆ.

ಮೊದಲು ಎದ್ದವಳು ಜಂಬಕ್ಕ. ವಯಸ್ಸಾದ ಹೆಂಗಸು, ದನಿ ಮಾತ್ರ ಗಿರಣಿಯ ಸೀಟಿ.

"ನಮಸ್ಕಾರ್ರೀ ಸಾಹೇಬ್ರ. ಮನಿಮನಿಗೆ ನಳ ಕೂಡ್ಸ್ಯಾರ. ನಳ ಬಾಳ ಚಂದ ಐತಿ, ನಾ ದಿನಾ ಒರಸ್ತೀನಿ. ನೀರು ಮಾತ್ರ ಮ್ಯಾಗಿನ ಓಣಿಗೆ ನಿಂತು ಬಿಡ್ತೈತಿ. ನಮ್ಮ ಓಣಿಗೆ ಬರಾಕ ನಾಚ್ಕೊಂತೈತೋ ಏನೋ."

ಗೋಡೆಯ ಮೇಲೆ ಬಂತು: ೧. ಕುಡಿಯುವ ನೀರು. ಅದರೊಳಗೆ ಕಪ್ಪು ಚುಕ್ಕಿ. ಜಂಬಕ್ಕ: ನಳ ಇದೆ, ಕೆಳಗಿನ ಓಣಿಗೆ ನೀರು ಬರುವುದಿಲ್ಲ.

ಆಮೇಲೆ ಅಧ್ಯಕ್ಷ ಅಂಜಿನೇಯಲು ಎದ್ದರು. ಅವರ ಹುಟ್ಟುಹಬ್ಬದ ಫ್ಲೆಕ್ಸು ಪ್ರತಿ ವರ್ಷ ನನ್ನದೇ. ಎಷ್ಟು ದೊಡ್ಡದು ಅಂದರೆ ಅದರ ನೆರಳಿನಲ್ಲಿ ಒಂದು ಎಕರೆ ಬೆಳೆ ಒಣಗಿತ್ತು. ಅವರು ತಮ್ಮ ಅಜ್ಜನ ಕಾಲದಿಂದ ಶುರು ಮಾಡಿದರು. ಊರಿನ ಇತಿಹಾಸ, ತಾವು ಕಂಡ ಕಷ್ಟ, ಓಡಾಡಿದ ಕಚೇರಿಗಳು, ಎಲ್ಲ ಬಂದವು. ಕ್ರಾಂತಿಕುಮಾರ್ ತಾಳ್ಮೆಯಿಂದ ಕೇಳಿ ಬರೆದ: ಅಂಜಿನೇಯಲು: ಪೈಪು ಹಾಕಿದೆ. ಓಣಿಯ ತಿರುವಿನಲ್ಲಿ ವಾಲ್ವು ಕೂರಿಸುವುದು ಬಾಕಿ.

ಅದರ ಕೆಳಗೆ ಬಾಣ. ಯಾರು, ಯಾವಾಗ. ಮುಂದೆ ಖಾಲಿ.

ಅಧ್ಯಕ್ಷರು ಕೂರುವ ಮೊದಲು ಗೋಡೆ ನೋಡಿದರು. ಕಣ್ಣು ಕಿರಿದು ಮಾಡಿ ಇನ್ನೊಮ್ಮೆ ನೋಡಿದರು. ಆಮೇಲೆ ಸಭೆಯಲ್ಲಿ ಬೇರೆ ಯಾರೂ ಇಲ್ಲ ಅನ್ನುವಂತೆ ನನ್ನ ಕಡೆ ತಿರುಗಿದರು.

"ಏನ್ಲೇ ಶಿವಯೋಗಿ, ನನ್ನ ಹೆಸರು ಕೆಳಗೈತಿ? ಜಂಬಕ್ಕಂದು ಮ್ಯಾಗೈತಿ? ಚುಕ್ಕಿನೂ ಒಂದ ಅಳತಿ?"

"ಫ್ಲೆಕ್ಸಲ್ಲರಿ ಗೌಡ್ರ, ನೋಟ್ಸು," ಅಂದೆ. ನನ್ನ ದನಿ ಹುಲಿಯಂತೆ ಹೊರಟು ಗಂಟಲಲ್ಲಿ ಬೆಕ್ಕಾಯಿತು.

ಮ್ಯಾನೇಜರು ಕುರ್ಚಿಯಿಂದ ಎದ್ದರು. ಅಧ್ಯಕ್ಷರು ಮುನಿಸಿಕೊಂಡರೆ ಅದು ಎಲ್ಲಿಂದ ಎಲ್ಲಿಗೆ ಹೋಗಿ ಯಾರ ಕುರ್ಚಿಗೆ ಬಡಿಯುತ್ತದೆ ಅನ್ನುವುದು ಅವರಿಗೆ ಗೊತ್ತು. ಅವರೂ ಆ ಕುರ್ಚಿಗೆ ಸುಮ್ಮನೆ ಬಂದವರಲ್ಲ. ಕ್ರಾಂತಿಕುಮಾರನ ಹತ್ತಿರ ಬಗ್ಗಿ ಹೇಳಿದರು. ಹತ್ತಿರದಲ್ಲಿದ್ದ ಮೈಕು ಅದನ್ನೂ ಊರಿಗೆಲ್ಲ ಹೇಳಿತು. "ಅಧ್ಯಕ್ಷರ ಹೆಸರು ಮ್ಯಾಲೆ ತಗೋ."

ಕ್ರಾಂತಿಕುಮಾರನ ಕೈ ಕೀಲಿಮಣೆಯ ಮೇಲೆ ನಿಂತಿತು. ಅವನ ಫೈಲು ಈ ಮ್ಯಾನೇಜರ ಕೈಯಲ್ಲಿತ್ತು. ಒಂದು ಕೀಲಿ ಒತ್ತಿದರೆ ನೌಕರಿ ಉಳಿಯುತ್ತದೆ, ಒತ್ತಿದರೆ ಅವನು ಅಂದದ್ದು ಉಳಿಯುವುದಿಲ್ಲ. ನಾನು ಉಸಿರು ಬಿಗಿ ಹಿಡಿದ ರಭಸಕ್ಕೆ ಭವನದ ಗಾಳಿಯೇ ಕಡಿಮೆಯಾಯಿತು.

"ಮ್ಯಾಲೆ ಅಂದ್ರ ಮೊದಲನೇ ಲೆವೆಲ್ಲಿಗೇನ್ರಿ ಸರ್?" ಅಂದ.

"ಹೂಂ, ಎಲ್ಲಾಕ್ಕಿಂತ ಮ್ಯಾಲಿಂದಕ್ಕ," ಅಂದರು ಅಧ್ಯಕ್ಷರೇ.

ಕ್ರಾಂತಿಕುಮಾರ್ ಆ ಸಾಲಿನ ಮೇಲೆ ಹೋಗಿ, ಶಿಫ್ಟ್ ಹಿಡಿದು ಟ್ಯಾಬ್ ಒತ್ತಿದ.

ಯಂತ್ರಕ್ಕೆ ಯಾರ ಮುಲಾಜು? ಹೇಳಿದಷ್ಟು ಮಾಡಿತು. ಸಾಲು ಅಂಚಿಗೆ ಜಿಗಿಯಿತು, ಅಕ್ಷರ ದಪ್ಪವಾಯಿತು, ಚುಕ್ಕಿ ಹೋಗಿ ಅಂಕಿ ಬಂತು. ಗೋಡೆಯ ಮೇಲೆ ಈಗ ಹೀಗಿತ್ತು: ೧. ಕುಡಿಯುವ ನೀರು. ಅದರೊಳಗೆ ಜಂಬಕ್ಕ. ಆಮೇಲೆ, ಅಷ್ಟೇ ದಪ್ಪಗೆ, ೨. ಅಂಜಿನೇಯಲು. ಅವರ ಕೆಳಗೆ ನೇತಾಡುವ ಬಾಣ: ಯಾರು, ಯಾವಾಗ.

ಸಾಹೇಬರು ಕನ್ನಡಕ ಏರಿಸಿದರು. "ಒಂದನೆಯ ಅಹವಾಲು ಕುಡಿಯುವ ನೀರು. ಎರಡನೆಯ ಅಹವಾಲು..." ಅಂದು ನಿಂತರು. "ಅಧ್ಯಕ್ಷರಾ?"

ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಜಂಬಕ್ಕ ಕೂತಲ್ಲಿಂದಲೇ, "ಅದೂ ಖರೇನ ಐತಿ ಬಿಡ್ರೀ ಸಾಹೇಬ್ರ!" ಅಂದಳು. ಅಷ್ಟೇ. ಭವನದ ತಗಡು ಹಾರಿ ಉಚ್ಚಂಗಿದುರ್ಗದ ಬೆಟ್ಟದ ಮೇಲೆ ಬಿದ್ದಿರಬೇಕು, ಹಾಗೆ ನಕ್ಕರು ಜನ. ಬಾಗಿಲಲ್ಲಿ ಮಲಗಿದ್ದ ನಾಯಿ ಎದ್ದು ಮರ್ಯಾದೆಯಿಂದ ಹೊರಗೆ ಹೋಯಿತು.

"ಈ ಬಾಣವೂ ಈಗ ನಿಮ್ಮ ಹೆಸರಿನ ಕೆಳಗೇ ಬಂದಿದೆಯಲ್ಲ," ಅಂದರು ಸಾಹೇಬರು.

"ಬ್ಯಾಡ್ರಿ, ಬ್ಯಾಡ್ರಿ!" ಅಧ್ಯಕ್ಷರು ಎರಡೂ ಕೈ ಆಡಿಸಿದರು. "ಏ ತಮ್ಮಾ, ಇಳಸಪ ಕೆಳಗ! ಮೊದಲು ಇದ್ದ ಜಾಗಾನ ಚಲೋ ಇತ್ತು."

ಕ್ರಾಂತಿಕುಮಾರ್ ಟ್ಯಾಬ್ ಒತ್ತಿದ. ಅಂಕಿ ಮತ್ತೆ ಚುಕ್ಕಿಯಾಯಿತು. ಅಧ್ಯಕ್ಷರು ಜಂಬಕ್ಕನ ಹೆಸರಿನ ಪಕ್ಕ, ಸಂಜೆ ಕಟ್ಟೆಯ ಮೇಲೆ ಕೂತವರ ಹಾಗೆ, ಆರಾಮಾಗಿ ಕೂತರು. ಅವರ ಮುಖ ಕೆಂಪಗಾಗಿತ್ತು. ಅದನ್ನು ನೋಡಿಯೇ ಇರಬೇಕು, ಜಂಬಕ್ಕ ಮತ್ತೆ ಎದ್ದಳು.

"ಏ ನೋಟ್ಸಿನಪ್ಪ, ಇನ್ನೊಂದು ಬರಕೋ. ಬ್ಯಾಸಿಗ್ಯಾಗ ನಮ್ಮ ಓಣಿಗೆ ಈ ಅಂಜಿನೇಯಲೂನ ತನ್ನ ಟ್ರ್ಯಾಕ್ಟರಿನಾಗ ಟ್ಯಾಂಕರ್ ಕಳಿಸ್ಯಾನ. ನಾವು ನೀರು ಕುಡದೀವಿ. ಸುಳ್ಳ್ಯಾಕ ಹೇಳ್ಲಿ."

ಅದೂ ಗೋಡೆಯ ಮೇಲೆ ಬಂತು. ಅಧ್ಯಕ್ಷರು ಅದನ್ನು ಓದಿದರು. ತಾವು ಹೇಳಿದ ಅಜ್ಜನ ಕಾಲದ ಕಥೆಯಲ್ಲಿ ಈ ಮಾತೊಂದು ಅವರಿಗೇ ಬಿಟ್ಟುಹೋಗಿತ್ತು. ಗಂಟಲು ಸರಿಮಾಡಿಕೊಂಡು, ಈ ಸಲ ಮೈಕಿಲ್ಲದೆ ಹೇಳಿದರು: "ವಾಲ್ವು ಪಂಚಾಯ್ತಿ ಗೋಡೌನಿನಾಗ ಬಂದು ಬಿದ್ದೈತಿ. ಬರೋ ಬುಧವಾರದೊಳಗ ಕೂಡ್ಸಿರ್ತೀನಿ. ಬರಿ, ಬಾಣದ ಮುಂದ ಬರಿ."

ಆಮೇಲೆ ರಸ್ತೆ ಬಂತು, ರೇಷನ್ ಕಾರ್ಡು ಬಂತು, ಅಂಗನವಾಡಿಯ ಬಾಗಿಲು ಬಂತು. ಯಾರಾದರೂ ಮಾತಾಡಿ ಕೂರುವಾಗ ಇಡೀ ಭವನ ತಿರುಗಿ ಬಾಣದ ಮುಂದಿನ ಖಾಲಿ ಜಾಗ ನೋಡುತ್ತಿತ್ತು. ಆ ಖಾಲಿ ಜಾಗವನ್ನು ತಡೆಯಲಾರದೆ ಇಲಾಖೆಯವರು ತಾವಾಗಿಯೇ ಎದ್ದು ತಾರೀಕು ಹೇಳಿದರು. ಇಂಥ ಸಭೆಯನ್ನು ತುಂಗಭದ್ರೆ ಹುಟ್ಟಿದ ಮೇಲೆ ಯಾರೂ ಕಂಡಿಲ್ಲ. ಹೊರಡುವಾಗ ಸಾಹೇಬರು, "ನಡವಳಿಯ ಪ್ರತಿ ಇವತ್ತೇ ಕೊಡಿ ಪ್ರವೀಣಕುಮಾರ್," ಅಂದು ಜೀಪು ಹತ್ತಿದರು. ಪ್ರೊಜೆಕ್ಟರ್ ಚೆನ್ನಾಗಿತ್ತು ಅಂತಲೂ ಅಂದಿರಬೇಕು; ಗದ್ದಲದಲ್ಲಿ ಕೇಳಿಸಲಿಲ್ಲ.

ಪಂಚಾಯ್ತಿಯ ಕೋಣೆಯಲ್ಲಿ ಪ್ರಿಂಟ್ ತೆಗೆದೆವು. ಮ್ಯಾನೇಜರು ಕೂತು ಓದಿದರು. ನಾನು ವೈರು ಸುತ್ತುವ ನೆಪದಲ್ಲಿ ಅಲ್ಲೇ ಉಳಿದೆ. ಕ್ರಾಂತಿಕುಮಾರ್ ಮೇಜಿನ ಆಚೆ ನಿಂತಿದ್ದ. ಅವರು ನೀರಿನ ವಿಷಯದ ನಡುವೆ ಒಂದು ಕಡೆ ಬೆರಳಿಟ್ಟರು.

"ಏನಿದು?"

ಅಲ್ಲಿ, ಉಳಿದವರದೇ ಅಳತೆಯ ಚುಕ್ಕಿಯ ಮುಂದೆ, ಇತ್ತು: ಪ್ರವೀಣಕುಮಾರ್, ವ್ಯವಸ್ಥಾಪಕರು: ಅಧ್ಯಕ್ಷರ ಹೆಸರನ್ನು ಮೇಲೆ ತರಲು ಸೂಚಿಸಿದರು.

"ಇದನ್ನೂ ಬರದೀಯಾ?"

"ಸಭಾದಾಗ ಆಡಿದ್ ಮಾತು ಸರ್. ಮೈಕಿನಾಗ ಬಂತು. ಮಂದಿ ನಗೋವಾಗ ಹೊಡದೆ."

"ತಗೀ ಅಂದ್ರ?"

ಕ್ರಾಂತಿಕುಮಾರ್ ನೆಲ ನೋಡಿದ. "ನೀವಂದ್ರ ತಗೀತೀನ್ರಿ ಸರ್. ನೀವು ದೊಡ್ಡೋರು," ಅಂದ. ಆಮೇಲೆ, "ಆದ್ರ ಇನ್ನೊಂದು ಸಭಾದಾಗ ಮತ್ತೊಬ್ರು ಬಂದು ತಗೀ ಅಂತಾರ್ರಿ. ಅವರದ್ದೂ ತಗೀಬೇಕಾಗ್ತೈತಿ. ಕಡೀಕ ಮತ್ತ 'ಕೆಲವರು ಮಾತನಾಡಿದರು' ಅಂತ ಉಳೀತೈತಿ."

ನಾನು ಮಾತಾಡಲಿಲ್ಲ. ನಾನು ಮಾತಾಡದೆ ಇದ್ದದ್ದನ್ನು ಕಂಡವರು ಈ ಭೂಮಿಯ ಮೇಲೆ ಅವರಿಬ್ಬರೇ.

ಮ್ಯಾನೇಜರು ಕಿಟಕಿಯ ಕಡೆ ನೋಡಿದರು. ಹೊರಗೆ ಜಂಬಕ್ಕ ಇನ್ನೂ ನಾಲ್ಕಾರು ಹೆಂಗಸರಿಗೆ ಸಭೆಯನ್ನು ಮೊದಲಿನಿಂದ ಆಡಿ ತೋರಿಸುತ್ತಿದ್ದಳು. ಅಧ್ಯಕ್ಷರು ಕೈ ಆಡಿಸಿದ ಭಾಗಕ್ಕೆ ಬಂದಿದ್ದಳು. ಮ್ಯಾನೇಜರ ತುಟಿಯ ಒಂದು ಬದಿ ಅಲುಗಿತು.

"ಅರ್ಧ ಬರದ್ರ ತಪ್ಪಾಗ್ತೈತಿ," ಅಂದರು. "ಅದರ ಮುಂದ ಸೇರ್ಸು: 'ಸಭೆ ನಕ್ಕ ಮೇಲೆ ಸೂಚನೆಯನ್ನು ಹಿಂಪಡೆದರು.' ಆ ಪುಟ ಇನ್ನೊಮ್ಮೆ ಪ್ರಿಂಟ್ ಹೊಡಿ. ಸೋಮವಾರ ನಿನ್ನ ಪ್ರೊಬೇಷನ್ ಫೈಲು ನನ್ನ ಟೇಬಲ್ ಮ್ಯಾಲಿರ್ಲಿ, ಬರದು ಕಳಿಸ್ತೀನಿ. ಹೆದರಬ್ಯಾಡ. ಅಗಲ ಬಾಯಿ ತಗೀಬ್ಯಾಡ, ಟೈಪ್ ಮಾಡು."

ಅವನು ಕೂತ. ಇಡೀ ಸಭೆಯಲ್ಲಿ ತಪ್ಪದ ಬೆರಳು ಆ ಒಂದು ಸಾಲಿಗೆ ತಪ್ಪಿತು. 'ಹಿಂಪಡೆದರು' ಅನ್ನುವುದನ್ನು ಎರಡು ಸಲ ತಪ್ಪು ಹೊಡೆದು ಅಳಿಸಿದ. ಮ್ಯಾನೇಜರು ಅವನ ಬೆನ್ನ ಹಿಂದೆ ನಿಂತು, ಒಂದೊಂದೇ ಅಕ್ಷರ ಮೆಲ್ಲಗೆ ಹೇಳಿಕೊಟ್ಟರು. ಪುಟ ಬಂತು. ಬಿಸಿಯಿದ್ದಾಗಲೇ ತೆಗೆದುಕೊಂಡು ನಿಂತೇ ಸಹಿ ಮಾಡತೊಡಗಿದರು. ಮೊದಲ ಪುಟಕ್ಕೆ ಸರಿಯಾಗಿ ಬಂತು. ಎರಡನೆಯದಕ್ಕೆ ಪೆನ್ನು ಕೈಕೊಟ್ಟಿತು. ಜಾಡಿಸಿದರು, ಕಾಗದದ ಮೂಲೆಗೆ ಗೀಚಿದರು, ಇಂಕು ಮುಗಿದಿತ್ತು.

ನಾನು ನನ್ನ ಪೆನ್ನು ತೆಗೆಯುವಷ್ಟರಲ್ಲಿ ಕ್ರಾಂತಿಕುಮಾರ್ ತನ್ನದನ್ನು ಕೊಟ್ಟಾಗಿತ್ತು.